ಮೊದಲು ಮನೆ, ಆಮೇಲೆ ಆಮೆ

ಬೆಂಗಳೂರು, ಮೈಸೂರು, ಮಂಗಳೂರಿನ ಪೆಟ್ ಶಾಪ್‌ಗಳ ಮುಂದೆ ಹಾದುಹೋಗುವವರು ಅವನ್ನು ನೋಡಿಯೇ ಇರುತ್ತಾರೆ. ಎರಡು ಬೆರಳಿನಷ್ಟು ನೀರಿನಲ್ಲಿ ಒಂದರ ಮೇಲೊಂದು ಹತ್ತಿ ಕೂತಿರುವ ಹಸಿರು ಆಮೆಮರಿಗಳು. ಕಣ್ಣಿನ ಹಿಂದೆ ಕುಂಕುಮ ತೀಡಿದಂಥ ಕೆಂಪು ಪಟ್ಟೆ. ಮಗುವಿನ ಅಂಗೈಯಲ್ಲಿ ಕೂರುವಷ್ಟು ಪುಟ್ಟ ಮೈ. ಮರಿಯ ಜೊತೆಗೆ ಪ್ಲಾಸ್ಟಿಕ್ ತೆಂಗಿನಮರ ನೆಟ್ಟ ಒಂದು ಡಬ್ಬಿ, ಒಣಸೀಗಡಿಯ ಒಂದು ಪೊಟ್ಟಣ. ‘ಜೋಡಿ ತಗೊಳ್ಳಿ, ಒಂದೇ ಇದ್ದರೆ ಬೇಜಾರಾಗುತ್ತೆ. ದಿನಾ ನಾಲ್ಕು ಕಾಳು ಹಾಕಿ, ವಾರಕ್ಕೊಂದು ಸಲ ನೀರು ಬದಲಿಸಿ, ಅಷ್ಟೇ’ ಎಂಬ ಸಲಹೆ ಪುಕ್ಕಟೆ.

ಈ ಸಲಹೆಯ ಒಂದೊಂದು ಮಾತೂ ತಪ್ಪು. ಡಬ್ಬಿ ತಪ್ಪು, ಜೋಡಿ ತಪ್ಪು, ಒಣಸೀಗಡಿ ತಪ್ಪು. ಹೀಗೆ ಮನೆಗೆ ಬಂದ ಮರಿಗಳಲ್ಲಿ ಬಹಳಷ್ಟು ಕಣ್ಣು ಊದಿಸಿಕೊಂಡು, ಚಿಪ್ಪು ಮೆತ್ತಗಾಗಿ ಸಾಯುತ್ತವೆ. ಅದನ್ನೂ ದಾಟಿ ಬದುಕಿದವು ಬೆಳೆದು ದೊಡ್ಡದಾಗಿ, ಕೊನೆಗೆ ಯಾವುದೋ ಕೆರೆಯ ದಂಡೆಯಲ್ಲಿ ಇಳಿಸಿಬಿಡುವ ಸ್ಥಿತಿಗೆ ಬರುತ್ತವೆ. ಎರಡಕ್ಕೂ ಮೂಲ ಒಂದೇ: ಆಮೆಯನ್ನು ಮೊದಲು ಕೊಂಡು, ಅದರ ಮನೆಯ ಬಗ್ಗೆ ಆಮೇಲೆ ಯೋಚಿಸುವುದು. ಈ ಕ್ರಮ ತಿರುಗಬೇಕು.

ಯಾರು ಈ ಅತಿಥಿ

ನಮ್ಮ ಮಾರುಕಟ್ಟೆಯಲ್ಲಿ ಸಿಗುವುದು ಬಹುಪಾಲು ‘ರೆಡ್ ಇಯರ್ಡ್ ಸ್ಲೈಡರ್’. ಅಮೆರಿಕದ ಮಿಸಿಸಿಪ್ಪಿ ನದಿಯ ಕಣಿವೆ ಮತ್ತು ಮೆಕ್ಸಿಕೋದ ಈಶಾನ್ಯ ಭಾಗ ಇದರ ತವರು. ನಿಧಾನವಾಗಿ ಹರಿಯುವ ಹೊಳೆ, ಜೊಂಡು ಬೆಳೆದ ಕೊಳ, ನೀರಿಗೆ ಅಡ್ಡಬಿದ್ದ ಮರದ ದಿಮ್ಮಿ, ಇವು ಅದರ ಲೋಕ. ಬಿಸಿಲು ಏರಿದಾಗ ದಿಮ್ಮಿ ಹತ್ತಿ ಮೈ ಕಾಯಿಸುತ್ತದೆ. ಯಾರಾದರೂ ಹತ್ತಿರ ಸುಳಿದರೆ ಥಟ್ಟನೆ ಜಾರಿ ಆಳದ ನೀರಿಗೆ ಬೀಳುತ್ತದೆ. ಮನೆಯಲ್ಲಿ ನಾವು ಕಟ್ಟಬೇಕಾದದ್ದು ಇದನ್ನೇ: ಈಜಲು ಆಳದ ನೀರು, ಹತ್ತಿ ಒಣಗಲು ಗಟ್ಟಿ ಜಾಗ, ಕಾಯಲು ಬಿಸಿಲು, ಹೆದರಿದಾಗ ಅಡಗಲು ಮರೆ.

ಮರಿಯಾಗಿದ್ದಾಗ ಇದರ ಚಿಪ್ಪು ಸುಮಾರು 3 ಸೆಂಟಿಮೀಟರ್. ಬೆಳೆದ ಗಂಡಿನದು 15ರಿಂದ 20 ಸೆಂಟಿಮೀಟರ್, ಹೆಣ್ಣಿನದು 25ರಿಂದ 30. ಅಂದರೆ ಊಟದ ತಟ್ಟೆಯಷ್ಟು ಅಗಲದ ಪ್ರಾಣಿ. ಚೆನ್ನಾಗಿ ನೋಡಿಕೊಂಡರೆ 20ರಿಂದ 40 ವರ್ಷ ಬದುಕುತ್ತದೆ. ಎಂಟು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಇಂದು ತಂದ ಆಮೆ, ಆ ಮಗು ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೂ ಮನೆಯಲ್ಲಿರುತ್ತದೆ. ಹೆಣ್ಣೋ ಗಂಡೋ ಎಂದು ಮರಿಯನ್ನು ನೋಡಿ ಹೇಳಲಾಗದು. ಮೊಟ್ಟೆಗೆ ಕಾವು ಕೊಟ್ಟ ಉಷ್ಣತೆ ಅದನ್ನು ಮೊದಲೇ ತೀರ್ಮಾನಿಸಿರುತ್ತದೆ. ತಂಪಿನಲ್ಲಿ ಬೆಳೆದ ಮೊಟ್ಟೆಯಲ್ಲಿ ಗಂಡು, ಬಿಸಿಯಲ್ಲಿ ಬೆಳೆದದ್ದರಲ್ಲಿ ಹೆಣ್ಣು. ನಮಗೆ ಗೊತ್ತಾಗುವುದು ಕೆಲವು ವರ್ಷಗಳ ನಂತರ. ಹಾಗಾಗಿ ಹೆಣ್ಣೆಂದೇ ತಿಳಿದು, ದೊಡ್ಡ ಗಾತ್ರಕ್ಕೇ ಮನೆ ಕಟ್ಟುವುದು ಜಾಣತನ.

ಒಂದು ಮಾತು ಇಲ್ಲಿಯೇ ಸ್ಪಷ್ಟವಾಗಲಿ. ನಮ್ಮ ಕೆರೆ, ಗದ್ದೆ, ಕುರುಚಲು ಕಾಡಿನ ಆಮೆಗಳನ್ನು ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೆನ್ನ ಮೇಲೆ ಹಳದಿ ಚುಕ್ಕಿಗೆರೆಗಳ ನಕ್ಷತ್ರ ಆಮೆಯಾಗಲಿ, ಗದ್ದೆಬದಿಯಲ್ಲಿ ಸಿಗುವ ಮೆದುಚಿಪ್ಪಿನ ಆಮೆಯಾಗಲಿ, ಎರಡೂ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಮನೆಗೆ ಅದೃಷ್ಟ ತರುತ್ತದೆಂದು ಯಾರಾದರೂ ಕೊಟ್ಟರೂ ಮುಟ್ಟಬೇಡಿ. ಅರಣ್ಯ ಇಲಾಖೆಗೆ ತಿಳಿಸಿ.

ನೀರಿನ ಲೆಕ್ಕ, ನೆಲದ ಲೆಕ್ಕ

ತೊಟ್ಟಿಯ ಗಾತ್ರಕ್ಕೆ ಸಾಕುವವರ ನಡುವೆ ಬಳಕೆಯಲ್ಲಿರುವ ಲೆಕ್ಕ ಸರಳ: ಚಿಪ್ಪಿನ ಪ್ರತಿ ಇಂಚು ಉದ್ದಕ್ಕೆ 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ನೀರು. 10 ಇಂಚಿನ ಹೆಣ್ಣಾಮೆಗೆ 380 ಲೀಟರ್ ಬೇಕಾಯಿತು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಗೆ ಒಂದೂವರೆ ಅಡಿ ನೀರು ತುಂಬಿದರೆ ಹೆಚ್ಚೂಕಡಿಮೆ 340 ಲೀಟರ್ ಆಗುತ್ತದೆ. ಇದು ಅತಿಯಾದ ವೈಭೋಗವಲ್ಲ, ಬೆಳೆದ ಸ್ಲೈಡರ್‌ಗೆ ಇದು ಕನಿಷ್ಠದ ಆಸುಪಾಸು. ನೀರಿನ ಆಳ ಚಿಪ್ಪಿನ ಉದ್ದದ ಒಂದೂವರೆಯಿಂದ ಎರಡು ಪಟ್ಟಾದರೂ ಇರಬೇಕು. ತೆಳು ನೀರಿನಲ್ಲಿ ಆಮೆ ಬೆನ್ನಡಿಯಾದರೆ ಮತ್ತೆ ಮಗುಚಿಕೊಳ್ಳಲು ಒದ್ದಾಡುತ್ತದೆ, ಮುಳುಗಿ ಸಾಯುವುದೂ ಉಂಟು. ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿಯಿದು, ಮೀನಲ್ಲ.

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ನೀರು, ಗಾಜು, ಸ್ಟ್ಯಾಂಡ್ ಎಲ್ಲ ಸೇರಿ ಈ ತೊಟ್ಟಿ 400 ಕಿಲೋ ದಾಟುತ್ತದೆ, ಅದೂ ಮುಕ್ಕಾಲು ಚದರ ಮೀಟರ್‌ಗಿಂತ ಕಡಿಮೆ ಜಾಗದಲ್ಲಿ. ವಾಸದ ಕೋಣೆಗಳ ನೆಲವನ್ನು ನಮ್ಮಲ್ಲಿ ವಿನ್ಯಾಸ ಮಾಡುವುದು ಚದರ ಮೀಟರ್‌ಗೆ ಸುಮಾರು 200 ಕಿಲೋ ಭಾರದ ಲೆಕ್ಕದಲ್ಲಿ. ಇಡೀ ಕೋಣೆಗೆ ಭಾರ ಹಂಚಿಹೋಗುವುದರಿಂದ ತೊಟ್ಟಿ ಇಟ್ಟೊಡನೆ ನೆಲ ಕುಸಿಯುತ್ತದೆಂದೇನಲ್ಲ. ಆದರೂ ಅದನ್ನು ಗೋಡೆಗೆ ಒತ್ತಿ, ಕೆಳಗೆ ತೊಲೆ ಹಾದಿರುವ ಕಡೆ ಇಡುವುದು ಒಳ್ಳೆಯದು. ಅಪಾರ್ಟ್‌ಮೆಂಟಿನ ಚಾಚಿದ ಬಾಲ್ಕನಿಯಲ್ಲಿ ಎಂಜಿನಿಯರನ್ನು ಕೇಳದೆ ಇಡಲೇಬಾರದು. ವಾಸ್ತು ನೋಡಿ ಉತ್ತರ ದಿಕ್ಕಿಗೆ ಆಮೆಯಿಡುವ ಮನೆಗಳು ನಮ್ಮಲ್ಲಿ ಬಹಳ. ದಿಕ್ಕು ಯಾವುದಾದರೂ ಇರಲಿ, ನೆಲ ಗಟ್ಟಿಯಿದೆಯೇ, ಹತ್ತಿರ ಪ್ಲಗ್ ಇದೆಯೇ, ನೀರು ಹೊರಹಾಕಲು ಬಚ್ಚಲು ಸಮೀಪವೇ ಎಂಬ ಮೂರು ಪ್ರಶ್ನೆಗೆ ಮೊದಲು ಉತ್ತರ ಬೇಕು.

ತಳಕ್ಕೆ ಬಣ್ಣದ ಸಣ್ಣಕಲ್ಲು ಹಾಕಬೇಡಿ. ಬಾಯಿಗೆ ಹಿಡಿಸುವ ಯಾವುದನ್ನೂ ಆಮೆ ನುಂಗಿ ನೋಡುತ್ತದೆ. ಕಲ್ಲು ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಅದರ ತಲೆಗಿಂತ ದೊಡ್ಡದಾದ, ನುಣುಪಾದ ಹೊಳೆಗಲ್ಲು ನಾಲ್ಕಾರು ಇರಲಿ. ಇಲ್ಲವೇ ತಳ ಬರಿದಾಗಿಯೇ ಇರಲಿ, ಗಲೀಜು ಎತ್ತಲೂ ಸುಲಭ.

ಮತ್ತು ಒಂದು ತೊಟ್ಟಿಗೆ ಒಂದೇ ಆಮೆ. ಒಂಟಿತನದ ಸಂಕಟ ಇದಕ್ಕಿಲ್ಲ. ಜೊತೆ ಹಾಕಿದರೆ ಕಾಯುವ ಜಾಗಕ್ಕೆ, ತಿನಿಸಿಗೆ ಜಗಳ ಶುರುವಾಗಿ, ಬಲವಾದದ್ದು ಇನ್ನೊಂದರ ಬಾಲ, ಕಾಲು ಕಚ್ಚುತ್ತದೆ. ಗಂಡು ಹೆಣ್ಣು ಸೇರಿದರೆ ಹೆಣ್ಣಿಗೆ ಬಿಡುವೇ ಇರುವುದಿಲ್ಲ.

ಒಣಗುವ ಜಾಗ, ಬಿಸಿಲಿನ ಕೆಲಸ

ಆಮೆ ಬಿಸಿಲು ಕಾಯುವುದನ್ನು ಹತ್ತಿರದಿಂದ ನೋಡಬೇಕು. ಹಿಂಗಾಲು ಎರಡನ್ನೂ ಹಿಂದಕ್ಕೆ ಚಾಚಿ, ಬೆರಳ ನಡುವಿನ ಜಾಲಪೊರೆಯನ್ನು ಪೂರ್ತಿ ಬಿಡಿಸಿ, ಕತ್ತನ್ನು ಉದ್ದ ಮಾಡಿ, ಕಣ್ಣು ಮುಚ್ಚಿ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತದೆ. ಕಡುಹಸಿರು ಚಿಪ್ಪು ಮೊದಲು ಅಂಚಿನಲ್ಲಿ, ಆಮೇಲೆ ನಡುಬೆನ್ನಿನಲ್ಲಿ ಒಣಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಬೆಳೆಯುವ ಆಮೆಯಾದರೆ ಚಿಪ್ಪಿನ ಒಂದೊಂದು ಹಲಗೆಯ ಅಂಚೂ ಸಡಿಲಗೊಂಡು, ಉಗುರಿನಷ್ಟು ತೆಳುವಾದ ಪಾರದರ್ಶಕ ಪೊರೆ ಎದ್ದು ಬರುತ್ತದೆ. ಅದು ತಾನಾಗಿ ಕಳಚಲಿ, ಕೀಳಬಾರದು.

ಹೀಗೆ ಬಿಸಿಲು ಕಾಯುವುದನ್ನು ಸೋಮಾರಿತನ ಎಂದು ತಿಳಿಯುವವರಿದ್ದಾರೆ. ನಿಜವಾಗಿ ಆ ಹೊತ್ತಿನಲ್ಲಿ ಮೂರು ಕೆಲಸ ನಡೆಯುತ್ತಿರುತ್ತವೆ. ಮೊದಲನೆಯದು ಕಾವು. ಆಮೆ ತನ್ನ ಮೈಯನ್ನು ತಾನೇ ಬಿಸಿಯಿಟ್ಟುಕೊಳ್ಳಲಾರದು. ಹೊರಗಿನ ಕಾವು ಸಿಗದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಎರಡನೆಯದು ಒಣಗುವುದು. ಸದಾ ಒದ್ದೆಯಿರುವ ಚಿಪ್ಪಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಸೇರಿ ಕೊಳೆತ ಶುರುವಾಗುತ್ತದೆ. ಮೂರನೆಯದು ಮೂಳೆ. ಸೂರ್ಯನ ಬೆಳಕಿನಲ್ಲಿರುವ ಯುವಿ-ಬಿ ಕಿರಣ ಚರ್ಮಕ್ಕೆ ತಾಗಿದಾಗ ಮಾತ್ರ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಚಿಪ್ಪು ಮೂಳೆಯಿಂದಲೇ ಆದದ್ದು, ಬೆನ್ನುಮೂಳೆ ಪಕ್ಕೆಲುಬುಗಳು ಅದಕ್ಕೆ ಬೆಸೆದುಕೊಂಡಿವೆ. ಡಿ3 ಕೊರತೆಯಾದ ಮರಿಯ ಚಿಪ್ಪು ಒತ್ತಿದರೆ ತಗ್ಗುತ್ತದೆ, ದಿನ ಕಳೆದಂತೆ ಸೊಟ್ಟಗಾಗುತ್ತದೆ.

ಹಾಗಾಗಿ ನೀರಿನಿಂದ ಮೇಲೆ, ಪೂರ್ತಿ ಒಣಗಿರುವ ಒಂದು ಕಟ್ಟೆ ಬೇಕು. ಇಡೀ ಆಮೆ ಕೂತು ತಿರುಗುವಷ್ಟು ಅಗಲ, ಒಂದೂವರೆ ಎರಡು ಕಿಲೋ ಭಾರಕ್ಕೆ ಕುಸಿಯದ ಗಟ್ಟಿತನ, ಹತ್ತಿಬರಲು ಒರಟು ಇಳಿಜಾರು. ಗಾಜಿಗೆ ರಬ್ಬರ್ ಬಟ್ಟಲಿನಿಂದ ಅಂಟಿಸುವ ತೇಲುಹಲಗೆ ಮರಿಗೆ ಸಾಕು, ದೊಡ್ಡದಕ್ಕೆ ಮುಳುಗಿಹೋಗುತ್ತದೆ. ತೊಟ್ಟಿಯ ಮೇಲೆ ಪ್ರತ್ಯೇಕ ಪೆಟ್ಟಿಗೆಯಂತೆ ಕಟ್ಟೆ ಕೂರಿಸಿ, ನೀರಿನಿಂದ ಇಳಿಜಾರು ಹಾಯಿಸುವುದು ಉತ್ತಮ ದಾರಿ. ತೊಟ್ಟಿಯ ನೀರಿನ ಜಾಗ ಉಳಿಯುತ್ತದೆ, ಸುತ್ತ ಅಂಚಿರುವುದರಿಂದ ಆಮೆ ಹಾರಿಬೀಳುವ ಭಯವೂ ಇಲ್ಲ. ಕಟ್ಟೆಯ ಪಕ್ಕದಲ್ಲೇ ಆಳದ ನೀರಿರಲಿ. ಹೆದರಿದಾಗ ಜಾರಿ ಬೀಳಲು ದಾರಿಯಿದ್ದರೆ ಮಾತ್ರ ಅದು ನಿಶ್ಚಿಂತೆಯಿಂದ ಮೇಲೆ ಕೂರುತ್ತದೆ.

ಕಟ್ಟೆಯ ಮೇಲೆ 30ರಿಂದ 35 ಡಿಗ್ರಿ ಸೆಲ್ಸಿಯಸ್, ನೀರಿನಲ್ಲಿ 24ರಿಂದ 27 ಡಿಗ್ರಿ. ಈ ಎರಡರ ಅಂತರವೇ ಮುಖ್ಯ. ನೀರೂ ಕಟ್ಟೆಯೂ ಒಂದೇ ಬಿಸಿಯಿದ್ದರೆ ಆಮೆ ಮೇಲೆ ಬರುವುದಿಲ್ಲ. ಕಿಟಕಿಯ ಪಕ್ಕ ತೊಟ್ಟಿಯಿಟ್ಟು ‘ಬಿಸಿಲು ಬೀಳುತ್ತದಲ್ಲ’ ಎಂದು ಸಮಾಧಾನಪಡುವವರು ಗಮನಿಸಬೇಕು: ಕಿಟಕಿಯ ಗಾಜು ಯುವಿ-ಬಿ ಕಿರಣವನ್ನು ತಡೆಹಿಡಿಯುತ್ತದೆ. ಒಳಬರುವುದು ಬೆಳಕು ಮತ್ತು ಕಾವು ಮಾತ್ರ. ಒಳಾಂಗಣದಲ್ಲಿ ಸರೀಸೃಪಗಳಿಗೆಂದೇ ಮಾಡಿದ ಯುವಿ-ಬಿ ದೀಪ ಬೇಕೇಬೇಕು, ಕಾವಿಗೆ ಬೇರೆ ಬಲ್ಬು. ಎರಡೂ ದಿನಕ್ಕೆ 10-12 ಗಂಟೆ ಉರಿದು ರಾತ್ರಿ ಆರಬೇಕು. ದೀಪಕ್ಕೂ ಆಮೆಗೂ ನಡುವೆ ಗಾಜು ಪ್ಲಾಸ್ಟಿಕ್ ಇರಕೂಡದು, ಅಂತರ ಡಬ್ಬಿಯ ಮೇಲೆ ಬರೆದಷ್ಟೇ ಇರಲಿ. ಬೆಳಕು ಕಾಣುತ್ತಿದ್ದರೂ ಒಳಗಿನ ಯುವಿ-ಬಿ ಶಕ್ತಿ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಆರು ತಿಂಗಳಿಂದ ವರ್ಷದೊಳಗೆ ದೀಪ ಬದಲಿಸಬೇಕು.

ಬೆಂಗಳೂರಿನ ಡಿಸೆಂಬರ್-ಜನವರಿ ರಾತ್ರಿಗಳಲ್ಲಿ ಉಷ್ಣತೆ 15 ಡಿಗ್ರಿಗೆ ಇಳಿಯುತ್ತದೆ, ಮಡಿಕೇರಿ ಚಿಕ್ಕಮಗಳೂರಿನಲ್ಲಿ ಇನ್ನೂ ಕೆಳಗೆ. ಆಗ ಥರ್ಮೋಸ್ಟಾಟ್ ಇರುವ ಹೀಟರ್ ನೀರಿಗೆ ಬೇಕಾಗುತ್ತದೆ. ಆಮೆ ಅದನ್ನು ಗುದ್ದಿ ಗಾಜು ಒಡೆಯದಂತೆ ಪ್ಲಾಸ್ಟಿಕ್ ಜಾಲರಿಯ ಕವಚ ಹಾಕಿ. ನೀರು, ವಿದ್ಯುತ್ ಒಟ್ಟಿಗಿರುವ ಜಾಗವಿದು. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇರುವ ಸರ್ಕಿಟ್‌ಗೇ ಜೋಡಿಸಿ, ವೈರ್ ಪ್ಲಗ್‌ಗಿಂತ ಕೆಳಗೆ ಜೋತು ಬಾಗುವಂತೆ ಬಿಡಿ. ಹನಿ ಇಳಿದರೂ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಕಲಬುರಗಿ, ರಾಯಚೂರಿನ ಕಡೆಯವರಿಗೆ ಸಮಸ್ಯೆ ತಿರುಗುಮುರುಗು. 40 ಡಿಗ್ರಿಯ ಬೇಸಿಗೆಯಲ್ಲಿ ಸಣ್ಣ ಟಬ್ಬಿನ ನೀರು ಮಧ್ಯಾಹ್ನದೊಳಗೆ ಕಾದು ಆಮೆಯ ಜೀವ ತೆಗೆಯಬಲ್ಲದು. ಅಲ್ಲಿ ಹೆಚ್ಚು ನೀರು, ಹೆಚ್ಚು ನೆರಳು, ಇವೆರಡೇ ರಕ್ಷೆ.

ಕಣ್ಣಿಗೆ ಕಾಣದ ಕೊಳೆ

ಆಮೆ ನೀರಿನಲ್ಲೇ ತಿನ್ನುತ್ತದೆ, ನೀರಿನಲ್ಲೇ ವಿಸರ್ಜಿಸುತ್ತದೆ. ಮೀನಿಗಿಂತ ಎಷ್ಟೋ ಪಟ್ಟು ಗಲೀಜು. ಈ ತ್ಯಾಜ್ಯ ಕೊಳೆತು ಅಮೋನಿಯ ಆಗುತ್ತದೆ. ಅದು ಕಣ್ಣು, ಚರ್ಮ ಸುಡುವ ವಿಷ. ಪ್ರಕೃತಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಮತ್ತೊಂದು ಬಗೆ ಅದನ್ನು ಅಷ್ಟೇನೂ ಕೇಡು ಮಾಡದ ನೈಟ್ರೇಟ್ ಮಾಡುತ್ತದೆ. ಫಿಲ್ಟರ್ ಎಂದರೆ ಕಸ ಸೋಸುವ ಯಂತ್ರ ಎಂದಷ್ಟೇ ತಿಳಿದಿದ್ದೇವೆ. ಅದರ ದೊಡ್ಡ ಕೆಲಸ ಈ ಬ್ಯಾಕ್ಟೀರಿಯಾಗಳಿಗೆ ಮನೆಯಾಗುವುದು. ಒಳಗಿನ ಸ್ಪಂಜು, ಸೆರಾಮಿಕ್ ಉಂಗುರಗಳ ಮೇಲೆ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು.

ಫಿಲ್ಟರ್ ಡಬ್ಬಿಯ ಮೇಲೆ ಬರೆದಿರುವ ಸಾಮರ್ಥ್ಯ ಮೀನಿನ ತೊಟ್ಟಿಯ ಲೆಕ್ಕದ್ದು. ಆಮೆಗೆ ಅದರ ಎರಡರಷ್ಟು ಬೇಕು. 300 ಲೀಟರ್ ತೊಟ್ಟಿಗೆ 600 ಲೀಟರಿನ ಫಿಲ್ಟರ್, ಅದೂ ಹೊರಗೆ ಕೂರುವ ಕ್ಯಾನಿಸ್ಟರ್ ಮಾದರಿಯದಾದರೆ ಒಳ್ಳೆಯದು. ಸ್ಪಂಜನ್ನು ನಲ್ಲಿಯಡಿ ತಿಕ್ಕಿ ತೊಳೆದರೆ ಕ್ಲೋರಿನ್ ತಾಗಿ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಮತ್ತೆ ಹಾಕಬೇಕು. ಗಂಟೆಗಟ್ಟಲೆ ಕರೆಂಟು ಹೋಗುವ ಊರಾದರೆ ಫಿಲ್ಟರನ್ನು ಇನ್ವರ್ಟರ್‌ಗೆ ಜೋಡಿಸಿ. ನೀರಿನ ಹರಿವು ನಿಂತರೆ ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ.

ಫಿಲ್ಟರ್ ಇದ್ದರೂ ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸಬೇಕು, ನೈಟ್ರೇಟ್ ಹೊರಹೋಗುವ ಮುಖ್ಯ ದಾರಿ ಅದೇ. ಪೂರ್ತಿ ನೀರು ಚೆಲ್ಲಿ ತಿಕ್ಕಿ ತೊಳೆಯುವುದು ಬೇಡ. ಅಕ್ವೇರಿಯಂ ಅಂಗಡಿಯಲ್ಲಿ ಅಮೋನಿಯ ಪರೀಕ್ಷೆಯ ಕಿಟ್ ಸಿಗುತ್ತದೆ. ಚಿಕ್ಕ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ತುಂಬಿ, ಸೀಸೆಯ ಹನಿ ಬೆರೆಸಿ, ಕೆಲವು ನಿಮಿಷ ಬಿಟ್ಟು ನೋಡಬೇಕು. ಸಾಮಾನ್ಯ ಬಳಕೆಯ ಕಿಟ್‌ನಲ್ಲಿ ತಿಳಿಹಳದಿ ಉಳಿದರೆ ಕ್ಷೇಮ, ಹಸಿರಿಗೆ ತಿರುಗಿದರೆ ಅಮೋನಿಯ ಇದೆ. ಕಣ್ಣಿಗೆ ಸ್ಫಟಿಕದಂತೆ ಕಾಣುವ ನೀರೂ ಕಡುಹಸಿರು ತೋರಿಸಬಹುದು. ತಿಳಿನೀರೆಲ್ಲ ಶುದ್ಧವಲ್ಲ ಎಂಬುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಊಟದ ವಿಷಯ ಚುಟುಕಾಗಿ. ಮರಿಗೆ ಪ್ರೋಟೀನ್ ಹೆಚ್ಚು, ಬೆಳೆದದ್ದಕ್ಕೆ ಸೊಪ್ಪು ಹೆಚ್ಚು. ಒಳ್ಳೆಯ ಆಮೆ ಪೆಲೆಟ್, ಅಜೋಲ, ತುರಿದ ಕ್ಯಾರೆಟ್, ಸಿಹಿಗುಂಬಳ, ಆಗಾಗ ಎರೆಹುಳು, ಕ್ಯಾಲ್ಸಿಯಂಗೆ ಕಟಲ್‌ಫಿಶ್ ಮೂಳೆ. ಒಣಸೀಗಡಿಯೊಂದನ್ನೇ ತಿಂದ ಆಮೆಗೆ ವಿಟಮಿನ್ ಎ ಕೊರತೆಯಾಗಿ ಕಣ್ಣು ಊದಿ ಮುಚ್ಚಿಕೊಳ್ಳುತ್ತದೆ. ಕಣ್ಣು ಕಾಣದೆ ತಿನ್ನುವುದು ಬಿಡುತ್ತದೆ. ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿ ತೇಲಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ ಅದು ನ್ಯುಮೋನಿಯ ಇರಬಹುದು. ತಡಮಾಡದೆ ಸರೀಸೃಪ ಬಲ್ಲ ಪಶುವೈದ್ಯರ ಬಳಿ ಒಯ್ಯಬೇಕು.

ಆಮೆ ಮುಟ್ಟಿದ ಮೇಲೆ, ನೀರು ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ತಪ್ಪಬಾರದು. ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಡುಗೆಮನೆಯ ಸಿಂಕಿನಲ್ಲಿ ತೊಟ್ಟಿಯ ಸಾಮಾನು ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆ ಬೇಡ. ಸಣ್ಣ ಮಕ್ಕಳು ಮರಿಯನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಾರೆಂದೇ, ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ಅಮೆರಿಕ 1975ರಲ್ಲೇ ನಿಷೇಧಿಸಿತು. ತವರಿನಲ್ಲಿ ಮಾರಕೂಡದ ಗಾತ್ರವನ್ನೇ ನಮ್ಮ ಅಂಗಡಿಗಳು ಮಾರುತ್ತಿವೆ.

ಟಾರಸಿ ಇದ್ದವರ ಭಾಗ್ಯ

ನಮ್ಮ ನಾಡಿನಲ್ಲಿ ಬಿಸಿಲಿಗೆ ಬರವಿಲ್ಲ. ಹಿತ್ತಲು ಅಥವಾ ಗಟ್ಟಿ ಟಾರಸಿ ಇರುವವರು ಗಾಜಿನ ತೊಟ್ಟಿಗಿಂತ ಸಿಮೆಂಟಿನ ಅಥವಾ ಫೈಬರ್ ತೊಟ್ಟಿ ಮಾಡುವುದು ಎಷ್ಟೋ ಮೇಲು. ದುಬಾರಿ ದೀಪದ ಕೆಲಸವನ್ನು ಸೂರ್ಯ ಬಿಟ್ಟಿಯಾಗಿ ಮಾಡುತ್ತಾನೆ. ಹೊಸ ಸಿಮೆಂಟು ಸುಣ್ಣದಂಶವನ್ನು ನೀರಿಗೆ ಬಿಡುವುದರಿಂದ ಕೆಲವು ವಾರ ನೀರು ತುಂಬಿ ಚೆಲ್ಲಿ ಹದಮಾಡಿ ಆಮೆ ಬಿಡಬೇಕು. ಅರ್ಧ ತೊಟ್ಟಿಗಾದರೂ ಸದಾ ನೆರಳಿರಲಿ. ಹದ್ದು, ಕಾಗೆ, ಬೆಕ್ಕು, ಕೋತಿ ಬಾರದಂತೆ ಮೇಲೆ ಜಾಲರಿ ಬೇಕು. ಗೋಡೆಯ ತುದಿ ಒಳಮುಖವಾಗಿ ಚಾಚಿರಲಿ, ಆಮೆ ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಹತ್ತುತ್ತದೆ. ಮಳೆಗಾಲಕ್ಕೆ ಹೆಚ್ಚುವರಿ ನೀರು ಹರಿದುಹೋಗಲು ಜಾಲರಿ ಹಾಕಿದ ಕೊಳವೆ ಬೇಕು. ಇಲ್ಲದಿದ್ದರೆ ತುಂಬಿದ ತೊಟ್ಟಿಯಿಂದ ಆಮೆಯೂ ತೇಲಿ ಹೊರಗೆ ಬರುತ್ತದೆ.

ಹೆಣ್ಣಾಮೆಗೆ ಒಂದು ಮಣ್ಣಿನ ಮೂಲೆಯೂ ಬೇಕು. ಗಂಡಿನ ಜೊತೆಯಿಲ್ಲದಿದ್ದರೂ ಅದು ಮೊಟ್ಟೆಯಿಡುತ್ತದೆ. ಮರಳು ಬೆರೆಸಿದ ತೇವದ ಮಣ್ಣು ಅಡಿಯಷ್ಟು ಆಳಕ್ಕೆ ಇದ್ದರೆ ಹಿಂಗಾಲಿನಿಂದ ಗುಂಡಿ ತೋಡಿ ಇಡುತ್ತದೆ. ಅಂಥ ಜಾಗ ಸಿಗದೆ ಮೊಟ್ಟೆ ಒಳಗೇ ತಡೆದುಕೊಂಡರೆ ಪ್ರಾಣಕ್ಕೇ ಕುತ್ತು.

ಕೆರೆಗೆ ಬಿಡುವುದು ಪುಣ್ಯವಲ್ಲ

ಇಷ್ಟೆಲ್ಲ ಮಾಡಲಾಗದವರು ಹಿಡಿಯುವ ದಾರಿ ಕೆರೆ. ದೇವಸ್ಥಾನದ ಪುಷ್ಕರಣಿಗೆ ಬಿಟ್ಟು ಕೈ ಮುಗಿದು ಬರುವವರಿದ್ದಾರೆ. ಅವರ ಮನಸ್ಸು ಒಳ್ಳೆಯದೇ, ಪರಿಣಾಮ ಕೆಟ್ಟದ್ದು. ವಿಶ್ವದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸ್ಲೈಡರ್ ಇದೆ. ಅದು ಬೇಗ ಬೆಳೆಯುತ್ತದೆ, ಸಿಕ್ಕಿದ್ದೆಲ್ಲ ತಿನ್ನುತ್ತದೆ, ಬಿಸಿಲು ಕಾಯುವ ಕಲ್ಲು-ದಿಮ್ಮಿಗಳಿಂದ ನಮ್ಮ ಆಮೆಗಳನ್ನು ದೂಡುತ್ತದೆ, ರೋಗವನ್ನೂ ಹೊತ್ತೊಯ್ಯುತ್ತದೆ. ಯುರೋಪಿನ ಒಕ್ಕೂಟ 1997ರಲ್ಲಿ ಇದರ ಆಮದು ನಿಲ್ಲಿಸಿತು. ಜಪಾನ್ 2023ರ ಜೂನ್‌ನಿಂದ ಮಾರಾಟವನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿದೆ. ಪಕ್ಕದ ರಾಜ್ಯದ ತ್ರಿಶೂರಿನ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ, ಸಾಕಲಾಗದ ಸ್ಲೈಡರ್‌ಗಳನ್ನು ಕೆರೆಗೆ ಬಿಡದೆ ತನಗೆ ಒಪ್ಪಿಸುವಂತೆ ಜನರನ್ನು ಕೇಳಿಕೊಂಡಿದೆ. ಇಂಥ ಏರ್ಪಾಡು ನಮ್ಮ ರಾಜ್ಯದ ಪ್ರತಿ ದೊಡ್ಡ ಊರಿಗೂ ಬೇಕು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಆಕ್ರಮಣಕಾರಿ ವಿದೇಶಿ ಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಆ ಅಧಿಕಾರ ಮೊದಲು ಬಳಕೆಯಾಗಬೇಕಾದ ಪ್ರಾಣಿಗಳಲ್ಲಿ ಇದೂ ಒಂದು.

ಆಮೆ ಸಾಕಬೇಕೆಂಬ ಆಸೆ ನಿಮಗೋ ನಿಮ್ಮ ಮಕ್ಕಳಿಗೋ ನಿಜವಾಗಿ ಇದ್ದರೆ ಹೀಗೆ ಮಾಡಿ. ಮೊದಲು ತೊಟ್ಟಿ, ಫಿಲ್ಟರ್, ಕಟ್ಟೆ, ದೀಪ ಎಲ್ಲ ತಂದು ಜೋಡಿಸಿ. ಆಮೆಯಿಲ್ಲದೆಯೇ ಒಂದೂವರೆ ತಿಂಗಳು ನಡೆಸಿ. ದಿನಾ ಚಿಟಿಕೆ ಪೆಲೆಟ್ ನೀರಿಗೆ ಹಾಕಿ, ಅದು ಕೊಳೆತು ಅಮೋನಿಯ ಆಗಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಲಿ. ವಾರಕ್ಕೊಮ್ಮೆ ಪರೀಕ್ಷೆ ಮಾಡಿ, ನೀರು ಬದಲಿಸಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡ ದಿನ ಮನೆ ಸಿದ್ಧ. ಈ ಒಂದೂವರೆ ತಿಂಗಳಲ್ಲಿ ಬೇಸರ ಬಂದರೆ ಯಾವ ಜೀವಕ್ಕೂ ಹಾನಿಯಾಗಿರುವುದಿಲ್ಲ. ತೊಟ್ಟಿಗೆ ನಾಲ್ಕು ಮೀನು ಬಿಟ್ಟುಕೊಳ್ಳಿ.

ಬೇಸರ ಬರದಿದ್ದರೂ ಅಂಗಡಿಗೆ ಹೋಗಿ ಮರಿ ಕೊಳ್ಳಬೇಡಿ. ಒಂದು ಮರಿ ಕೊಂಡರೆ ಇನ್ನೊಂದು ಮರಿ ಆ ಜಾಗಕ್ಕೆ ಬರುತ್ತದೆ. ಬೆಳೆದ ಸ್ಲೈಡರನ್ನು ಏನು ಮಾಡುವುದೆಂದು ತಿಳಿಯದೆ ಚಿಕ್ಕ ಟಬ್ಬಿನಲ್ಲಿ ಇಟ್ಟುಕೊಂಡು ಒದ್ದಾಡುವವರು ನಿಮ್ಮ ಬಡಾವಣೆಯಲ್ಲೇ, ನಿಮ್ಮ ನೆಂಟರಲ್ಲೇ ಇರುತ್ತಾರೆ. ಊರಿನ ಪ್ರಾಣಿರಕ್ಷಣಾ ತಂಡಗಳನ್ನು, ಪಶುವೈದ್ಯರನ್ನು ವಿಚಾರಿಸಿದರೂ ಸಿಗುತ್ತಾರೆ. ನೀವು ಕಟ್ಟಿದ ಮನೆಗೆ ಆ ಆಮೆಯನ್ನು ತನ್ನಿ. ಅಂಗಡಿಯವನಿಗೆ ಒಂದು ವ್ಯಾಪಾರ ತಪ್ಪುತ್ತದೆ, ಒಂದು ಕೆರೆಗೆ ಒಂದು ಹೊರೆ ತಪ್ಪುತ್ತದೆ, ಈಗಾಗಲೇ ನಮ್ಮ ನಡುವೆ ಇರುವ ಒಂದು ಜೀವಕ್ಕೆ ಮುಂದಿನ ಇಪ್ಪತ್ತು ವರ್ಷ ಈಜಲು ನೀರು ಸಿಗುತ್ತದೆ.